ಕೋಟೆಗೆ ಮುನ್ನ ಎದ್ದ ಕಿರುದೇವಾಲಯ

ನಮ್ಮ ಕರಾವಳಿಯ ಕ್ರೈಸ್ತಸಭೆಯ ಚರಿತ್ರೆಯನ್ನು ಅರಸುತ್ತ ಹೊರಟಾಗ ನಾವು ಸಾಮಾನ್ಯವಾಗಿ ಗೋವೆಗೆ ಬಂದು ನಿಲ್ಲುತ್ತೇವೆ. ಅದಕ್ಕೂ ಹಿಂದೆ ಒಂದು ತಂಗುದಾಣವುಂಟು. ಲಿಸ್ಬನ್ನಿನಿಂದ ಗೋವೆಗೆ ಬರುತ್ತಿದ್ದ ಹಡಗುಗಳು ಆಫ್ರಿಕದ ಪೂರ್ವತೀರದ ಮೊಝಾಂಬಿಕ್ ದ್ವೀಪದಲ್ಲಿ ಲಂಗರು ಹಾಕಿ, ಅನುಕೂಲವಾದ ಮಾರುತಕ್ಕಾಗಿ ಕಾಯುತ್ತಿದ್ದವು. ಸುಮಾರು 3 ಕಿಲೋಮೀಟರ್ ಉದ್ದದ ಆ ದ್ವೀಪದ ತುದಿಯಲ್ಲಿ, ಅಲೆಗಳ ಅಂಚಿನಲ್ಲಿ, ಪೋರ್ಚುಗೀಸರು 1522ರಲ್ಲಿ ಕಟ್ಟಿದ ಕಿರುದೇವಾಲಯ ಇಂದಿಗೂ ನಿಂತಿದೆ. ಅದರ ಹೆಸರು ಕೊತ್ತಳದ ಮಾತೆಯ ದೇವಾಲಯ. ಪೋರ್ಚುಗೀಸಿನಲ್ಲಿ ನೊಸ್ಸಾ ಸೆನ್ಯೋರಾ ದೊ ಬಲುವಾರ್ತೆ.

ಭೂಮಧ್ಯರೇಖೆಯ ದಕ್ಷಿಣಕ್ಕೆ ಯುರೋಪಿಯನ್ನರು ಕಟ್ಟಿ ಉಳಿದಿರುವ ಕಟ್ಟಡಗಳಲ್ಲಿ ಇದೇ ಅತ್ಯಂತ ಪುರಾತನವಾದುದೆಂದು ಪರಿಗಣಿಸಲಾಗಿದೆ. ಗೋಡೆಗಳು ದಪ್ಪ, ಹೊರನೋಟ ಸರಳ. ಒಳಹೊಕ್ಕು ತಲೆಯೆತ್ತಿದರೆ ಕಲ್ಲಿನ ಪಕ್ಕೆಲುಬುಗಳು ಕಮಾನು ಕಮಾನಾಗಿ ಬಾಗಿ ಛಾವಣಿಯ ಭಾರವನ್ನು ಹೊತ್ತಿರುವುದು ಕಾಣುತ್ತದೆ. ಇದು 1521ರಲ್ಲಿ ತೀರಿಕೊಂಡ ದೊರೆ ಮನುವೇಲನ ಹೆಸರನ್ನು ಪಡೆದ ಮನುವೆಲೈನ್ ಶೈಲಿ. ಪಕ್ಕದ ಸಂತ ಸೆಬಾಸ್ಟಿಯನ್ ಕೋಟೆಯ ಕೆಲಸ ಆರಂಭವಾದದ್ದು 1558ರಲ್ಲಿ. ದೇವಾಲಯವು ಕೋಟೆಗಿಂತ 36 ವರ್ಷ ಹಿರಿಯದು. ಇಂದಿಗೂ ಕೋಟೆಗೋಡೆಯ ಹೊರಗೇ ಇದೆ. 1607 ಮತ್ತು 1608ರಲ್ಲಿ ಡಚ್ಚರು ಮುತ್ತಿಗೆ ಹಾಕಿದರೂ ಕೋಟೆ ಅವರ ವಶವಾಗಲಿಲ್ಲ.

1541ರಲ್ಲಿ ಸಂತ ಫ್ರಾನ್ಸಿಸ್ ಝೇವಿಯರರು ಈ ದ್ವೀಪಕ್ಕೆ ಬಂದಿಳಿದರು. ತಿಂಗಳುಗಟ್ಟಲೆ ಇಲ್ಲಿ ತಂಗಿ, ರೋಗಿಗಳ ಶುಶ್ರೂಷೆ ಮಾಡಿ, 1542ರ ಮೇ 6ರಂದು ಗೋವೆಯನ್ನು ಸೇರಿದರು.

ವಸ್ತುವೊಂದರ ಸ್ವರೂಪವನ್ನು ಅರಿಯಬೇಕಾದರೆ ಅದರ ಉದ್ದೇಶವನ್ನು ಕೇಳಬೇಕೆಂಬುದು ಅರಿಸ್ಟಾಟಲನ ಬೋಧನೆ. ಕೊತ್ತಳದ ಉದ್ದೇಶ ರಕ್ಷಣೆ. ಯಾರ ರಕ್ಷಣೆ? ಇದೇ ದ್ವೀಪದಿಂದ ಸಹಸ್ರಾರು ಆಫ್ರಿಕನ್ನರನ್ನು ಗುಲಾಮರನ್ನಾಗಿ ಬ್ರೆಜಿಲಿಗೂ ಹಿಂದೂ ಮಹಾಸಾಗರದ ದ್ವೀಪಗಳಿಗೂ ಸಾಗಿಸಲಾಯಿತು. ಗೋವೆ, ದಮನ್, ದಿಯುಗಳಿಗೂ ಮೊಝಾಂಬಿಕಿನ ಗುಲಾಮರನ್ನು ತಂದರು. ಮಾತೆಯ ಮಂದಿರದ ಕಣ್ಣೆದುರಿನ ಕಡಲಲ್ಲೇ ಆ ಹಡಗುಗಳು ಹಾಯ್ದುಹೋದವು. ಪೋರ್ಚುಗಲ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಕಾನೂನಿನ ಮೂಲಕ ಕೊನೆಗಾಣಿಸಿದ್ದು 1869ರಲ್ಲಿ.

ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡುಗಳನ್ನು ಸೇರಿದ ಆಫ್ರಿಕನ್ನರ ಸಂತತಿಯವರು ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಸಿದ್ದಿ ಬಾಂಧವರಲ್ಲಿ ಇದ್ದಾರೆ. ಅವರಲ್ಲಿ ಹಲವರು ನಮ್ಮೊಡನೆ ಒಂದೇ ಬಲಿಪೀಠದ ಮುಂದೆ ಮೊಣಕಾಲೂರುವ ಕಥೊಲಿಕರು.

ಮೊಝಾಂಬಿಕ್ ದ್ವೀಪವನ್ನು 1991ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲನ್ನು ಕಾಪಾಡುವುದು ಯುಕ್ತವೇ ಸರಿ. ಆದರೆ ಮರಿಯ ಮಾತೆಯನ್ನು ಕೊತ್ತಳವೆಂದು ಕರೆಯುವ ನಾವು, ಆ ಕೊತ್ತಳದ ಒಳಗೆ ಮೊದಲ ಸ್ಥಾನ ಯಾರದೆಂದು ನಮ್ಮ ನಮ್ಮ ಧರ್ಮಕೇಂದ್ರಗಳಲ್ಲಿ ಕೇಳಿಕೊಳ್ಳೋಣ. ಸಿದ್ದಿ ಕುಟುಂಬವೊಂದು ಹಿಂದಿನ ಸಾಲನ್ನೇ ಅರಸಿ ಕುಳಿತುಕೊಳ್ಳುವವರೆಗೆ ಆ ಪ್ರಶ್ನೆಗೆ ಉತ್ತರ ದೊರೆತಿಲ್ಲವೆಂದೇ ತಿಳಿಯಬೇಕು.