ಗಾಳಿಯನ್ನರಿತು ಕಡಲಿಗೆ

ಆಷಾಢದ ಗಾಳಿ ಬೀಸತೊಡಗಿತೆಂದರೆ ನಮ್ಮ ಊರುಗಳ ಬಯಲಿನಲ್ಲಿ ಗಾಳಿಪಟಗಳು ಏಳುವುದು ಹಿಂದಿನಿಂದ ಬಂದ ರೂಢಿ. ಬಿದಿರ ಕಡ್ಡಿ, ಬಣ್ಣದ ಕಾಗದ, ಒಂದು ಉಂಡೆ ದಾರ ಇಷ್ಟಿದ್ದರೆ ಮಕ್ಕಳ ಸಂಭ್ರಮಕ್ಕೆ ಸಾಕಾಗುತ್ತಿತ್ತು. ಆ ಪಟ ಎಷ್ಟೇ ಜಗ್ಗಿದರೂ ಹೆಚ್ಚೆಂದರೆ ದಾರ ಹರಿಯುತ್ತಿತ್ತು, ಇಲ್ಲವೆ ಬೆರಳು ಕೊಯ್ಯುತ್ತಿತ್ತು. ಹಾರಿಸುವವನನ್ನೇ ಎತ್ತಿ ಒಯ್ಯುವ ಗಾಳಿಪಟವನ್ನು ನಮ್ಮ ಹಿರಿಯರು ಕಂಡಿರಲಿಲ್ಲ. ಇಂದು ಅದೂ ಬಂದಿದೆ. ನಮ್ಮ ಮನೆಗಳ ತರುಣ ತರುಣಿಯರು ಅದರ ಬೆನ್ನು ಹತ್ತಿದ್ದಾರೆ.

ಕೈಟ್‌ಬೋರ್ಡಿಂಗ್ ಎಂಬುದು ಈ ಕ್ರೀಡೆಯ ಹೆಸರು. ಆಟಗಾರನು ಪಾದಗಳನ್ನು ಒಂದು ಹಲಗೆಯ ಪಟ್ಟಿಗಳಲ್ಲಿ ಸೇರಿಸಿ ನೀರಿನ ಮೇಲೆ ನಿಲ್ಲುತ್ತಾನೆ. ಸೊಂಟಕ್ಕೆ ಬಿಗಿದ ದಪ್ಪ ಪಟ್ಟಿಯಿಂದ 20ರಿಂದ 25 ಮೀಟರ್ ಉದ್ದದ ಬಲವಾದ ದಾರಗಳು ಹೊರಡುತ್ತವೆ. ಅವುಗಳ ತುದಿಯಲ್ಲಿ, ಗಾಳಿ ತುಂಬಿ ಉಬ್ಬಿಸಿದ ಅಂಚುಳ್ಳ, ಒಂದು ಸಣ್ಣ ಕೋಣೆಯ ನೆಲದಷ್ಟು ವಿಸ್ತಾರವಾದ ಬಟ್ಟೆಯ ಪಟ. ಗಾಳಿ ಪಟವನ್ನು ಎಳೆಯುತ್ತದೆ, ಪಟ ಮನುಷ್ಯನನ್ನು ಎಳೆಯುತ್ತದೆ, ಹಲಗೆ ನೀರನ್ನು ಸೀಳುತ್ತ ಸಾಗುತ್ತದೆ. ನೀರಿಗೆ ಬಿದ್ದರೂ ಮತ್ತೆ ಮೇಲೇಳಬಲ್ಲ ಇಂಥ ಪಟಕ್ಕೆ ಫ್ರಾನ್ಸಿನ ಲೆಗೆನ್ಯು ಸಹೋದರರು 1984ರಲ್ಲಿ ಹಕ್ಕುಸ್ವಾಮ್ಯ ಪಡೆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಪಟಗಳ ಓಟಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಮಾರ್ಸೇ ನಗರದ ಸಮುದ್ರದಲ್ಲಿ ಆ ಪಂದ್ಯಗಳು ನಡೆದಾಗ, ಗಾಳಿ ಸಾಲದ ಕಾರಣ ಹಲವು ಓಟಗಳನ್ನು ಮುಂದೂಡಬೇಕಾಯಿತು. ಜಗತ್ತಿನ ಕಣ್ಣೆಲ್ಲ ನೆಟ್ಟಿದ್ದರೂ ಗಾಳಿಗಾಗಿ ಕಾಯದೆ ಬೇರೆ ಹಾದಿಯಿರಲಿಲ್ಲ.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಕಲಿಯಲು ಹೆಚ್ಚಿನವರು ಹೋಗುವ ಸ್ಥಳ ತಮಿಳುನಾಡಿನ ರಾಮೇಶ್ವರ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನೋ ಮಗಳೋ "ನಾಲ್ಕು ದಿನ ರಜೆ ಹಾಕಿ ರಾಮೇಶ್ವರಕ್ಕೆ ಹೋಗಿಬರುತ್ತೇನೆ" ಎಂದು ಫೋನಿನಲ್ಲಿ ಹೇಳಿದರೆ, ಊರಿನಲ್ಲಿರುವ ಅಜ್ಜಿ ತೀರ್ಥಯಾತ್ರೆಯೆಂದೇ ತಿಳಿದು ಸಂತೋಷಪಟ್ಟಾಳು! ವಿಷಯ ತಿಳಿದ ಮೇಲೆ ಮನೆಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, "ಬೇಡವೇ ಬೇಡ" ಎಂಬ ನಿಷೇಧ. ಇನ್ನೊಂದು, "ಈಗಿನವರಿಗೆ ಹೇಳಿ ಏನು ಪ್ರಯೋಜನ" ಎಂಬ ಉದಾಸೀನ. ಇವೆರಡರಿಂದಲೂ ಮಕ್ಕಳಿಗೆ ಉಪಯೋಗವಿಲ್ಲ. ದಾರ ಬಿಚ್ಚುವ ಮೊದಲು ಗಾಳಿಯನ್ನು ಹೇಗೆ ಪರೀಕ್ಷಿಸುತ್ತೀರಿ ಎಂದು ಕೇಳಬಲ್ಲ ತಂದೆತಾಯಿಗಳು ಬೇಕು. ಆ ಪ್ರಶ್ನೆಯನ್ನು ಕೇಳುವಷ್ಟು ತಿಳಿವಳಿಕೆಯನ್ನು ಕೊಡುವುದೇ ಈ ಲೇಖನದ ಉದ್ದೇಶ.

ಒಕ್ಕಲು ಮನೆತನದಲ್ಲಿ ಹುಟ್ಟಿದವರಿಗೆ ಗಾಳಿಯ ಪರೀಕ್ಷೆ ಹೊಸದಲ್ಲ. "ಗಾಳಿ ಬಂದಾಗ ತೂರಿಕೊ" ಎಂಬ ಗಾದೆಯನ್ನು ನಾವು ಅವಕಾಶ ಬಿಡಬೇಡ ಎಂಬ ಅರ್ಥದಲ್ಲಷ್ಟೇ ಬಳಸುತ್ತೇವೆ. ಕಣದಲ್ಲಿ ನಿಂತ ರೈತನಿಗೆ ಮಾತ್ರ ಅದರಲ್ಲಿ ಇನ್ನೂ ಹೆಚ್ಚಿನ ವಿವೇಕವಿದೆ. ಅವನು ಮೊದಲು ಒಂದು ಹಿಡಿ ಹೊಟ್ಟನ್ನು ಮೇಲಿನಿಂದ ಬಿಟ್ಟು ನೋಡುತ್ತಾನೆ. ಗಾಳಿ ಯಾವ ಕಡೆಯಿಂದ ಬರುತ್ತಿದೆ, ಒಂದೇ ಸಮನೆ ಬರುತ್ತಿದೆಯೇ, ಸುತ್ತಿ ಸುಳಿದು ಬರುತ್ತಿದೆಯೇ ಎಂಬುದನ್ನು ಗಮನಿಸುತ್ತಾನೆ. ಸುಳಿಗಾಳಿಯಾದರೆ ಕಾಳೂ ಹೊಟ್ಟೂ ಕಲಸಿಹೋಗುವುದರಿಂದ ಮೊರವನ್ನು ಕೆಳಗಿಟ್ಟು ಕುಳಿತುಬಿಡುತ್ತಾನೆ. ಕಡಲ ದಂಡೆಯಲ್ಲಿ ಪಟ ಹಿಡಿದು ನಿಂತವನು ನೋಡಬೇಕಾದದ್ದೂ ಇವೇ ಮೂರು: ಗಾಳಿಯ ವೇಗ, ಗಾಳಿಯ ದಿಕ್ಕು, ಗಾಳಿಯ ಸ್ವಭಾವ. ಕಣದಲ್ಲಿ ತಪ್ಪಿದರೆ ಒಂದು ರಾಶಿ ಕೆಡುತ್ತದೆ. ಇಲ್ಲಿ ಪಣವಾಗಿರುವುದು ಪ್ರಾಣ.

ವೇಗದ ಮಾತನ್ನು ಮೊದಲು ನೋಡೋಣ. ಸಮುದ್ರದ ಮೇಲಿನ ಗಾಳಿಯನ್ನು ನಾಟ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರು. ಕಲಿಯುವವರಿಗೆ ಸಾಮಾನ್ಯವಾಗಿ 12ರಿಂದ 18 ನಾಟ್‌ಗಳ ಒಂದೇ ಸಮನೆಯ ಗಾಳಿ ಒಪ್ಪುತ್ತದೆ. "18 ಸರಿಯಾದರೆ 24 ಏಕಾಗದು, ಆರು ತಾನೇ ಹೆಚ್ಚು" ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ಲೆಕ್ಕ ಮೋಸ ಮಾಡುತ್ತದೆ. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಸೆಳೆತ ನಾಲ್ಕು ಪಟ್ಟು. 15 ನಾಟ್‌ನ ಗಾಳಿ 21ಕ್ಕೆ ಏರಿತೆಂದರೆ ಪಟದ ಜಗ್ಗು ಆಗಲೇ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ. ಆದ್ದರಿಂದಲೇ ಗಾಳಿ ಹೆಚ್ಚಿದಂತೆ ಸಣ್ಣ ಪಟವನ್ನು ಆರಿಸಬೇಕು. ಮೈತೂಕ ಕಡಿಮೆಯಿದ್ದವರು ಇನ್ನೂ ಸಣ್ಣದನ್ನು ಆರಿಸಬೇಕು. ಜೊತೆಗಾರನು 12 ಚದರ ಮೀಟರಿನ ಪಟ ಹಾರಿಸುತ್ತಿದ್ದಾನೆಂದು 55 ಕಿಲೋ ತೂಕದ ಹುಡುಗಿಯೂ ಅದನ್ನೇ ಕಟ್ಟಿಕೊಂಡರೆ ಗಾಳಿ ಇಬ್ಬರನ್ನೂ ಒಂದೇ ರೀತಿ ಕಾಣುವುದಿಲ್ಲ.

ಇನ್ನು ದಿಕ್ಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಹೊಸಬರು ಸಾಮಾನ್ಯವಾಗಿ ವೇಗವನ್ನು ಕೇಳುತ್ತಾರೆ, ದಿಕ್ಕನ್ನು ಮರೆಯುತ್ತಾರೆ. ಕಡಲಿನಿಂದ ನೇರವಾಗಿ ದಂಡೆಗೆ ಬಡಿಯುವ ಗಾಳಿ ಆಟಗಾರನನ್ನು ಮರಳಿನ ಮೇಲಕ್ಕೆ, ಅದರಾಚೆಯ ಮರ, ಗೋಡೆ, ದೋಣಿಗಳ ಮೇಲಕ್ಕೆ ನೂಕುತ್ತದೆ. ನೆಲದಿಂದ ಕಡಲಿಗೆ ಬೀಸುವ ಗಾಳಿಯದು ಇನ್ನೊಂದು ಬಗೆಯ ಅಪಾಯ. ದಂಡೆಯ ಬಳಿ ಅದು ಸೌಮ್ಯವಾಗಿ ಕಾಣುತ್ತದೆ. ಮನೆ ಮರಗಳ ಮರೆಯಲ್ಲಿ ನೀರು ಕನ್ನಡಿಯಂತೆ ಶಾಂತವಾಗಿರುತ್ತದೆ. ಆ ಶಾಂತಿಯನ್ನು ನಂಬಿ ಒಳಗೆ ಹೋದವನು ಒಮ್ಮೆ ಬಿದ್ದು ಪಟವನ್ನು ಮೇಲೆಬ್ಬಿಸಲಾರದೆ ಹೋದರೆ, ಪ್ರತಿ ನಿಮಿಷವೂ ದಡ ಅವನಿಂದ ದೂರ ಸರಿಯುತ್ತದೆ. ರಕ್ಷಣೆಗೆ ದೋಣಿ ಸಿದ್ಧವಿಲ್ಲದಿದ್ದರೆ ಇಂಥ ಗಾಳಿಯಲ್ಲಿ ಇಳಿಯಲೇಬಾರದು. ದಂಡೆಗೆ ಓರೆಯಾಗಿ, ಕಡಲ ಕಡೆಯಿಂದ ಪಕ್ಕಕ್ಕೆ ಬೀಸುವ ಗಾಳಿಯೇ ಉತ್ತಮವಾದುದು. ಕೈಸೋತರೂ ಅದು ಮೆಲ್ಲಗೆ ದಡಕ್ಕೆ ತಂದು ಬಿಡುತ್ತದೆ.

ರಾಮೇಶ್ವರವಿರುವ ಪಾಂಬನ್ ದ್ವೀಪವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅದರ ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಹಿಂಗಾರಿನ ಈಶಾನ್ಯ ಗಾಳಿ ಉತ್ತರ ದಂಡೆಗೆ ಕಡಲಿನಿಂದ ಬರುತ್ತದೆ. ಮುಂಗಾರಿನ ನೈಋತ್ಯ ಗಾಳಿ ಅದೇ ಉತ್ತರ ದಂಡೆಗೆ ನೆಲದ ಕಡೆಯಿಂದ ಬಂದು ಕಡಲಿಗೆ ಹೋಗುತ್ತದೆ. ಮರಳು ಅದೇ, ನೀರು ಅದೇ, ಗುಡಿಸಲುಗಳೂ ಅವೇ. ಜನವರಿಯಲ್ಲಿ ಕೈಹಿಡಿದು ದಡಕ್ಕೆ ತರುವ ಗಾಳಿ ಜುಲೈನಲ್ಲಿ ಹೊರಕ್ಕೆ ಒಯ್ಯುತ್ತದೆ. ಹಾಗೆ ಹೊರಟವನ ಎದುರಿಗೆ ತೆರೆದ ಕಡಲಷ್ಟೇ ಅಲ್ಲ, 1974ರ ಒಪ್ಪಂದದಿಂದ ಎಳೆದ ಭಾರತ-ಶ್ರೀಲಂಕಾ ಗಡಿಯೂ ಇದೆ. ಆ ಗೆರೆಯನ್ನು ದಾಟಿದ ಮೀನುಗಾರರು ಪಡುವ ಪಾಡನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. "ಕಳೆದ ಸಲ ಇಲ್ಲಿಯೇ ಇಳಿದಿದ್ದೆ, ಏನೂ ಆಗಲಿಲ್ಲ" ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಯಾವ ತಿಂಗಳಲ್ಲಿ, ಯಾವ ದಂಡೆಯಲ್ಲಿ ಎಂದು ಕೇಳಬೇಕು.

ಪಾಂಬನ್‌ನ ಹಳೆಯ ರೈಲು ಸೇತುವೆಯ ವಿಷಯವನ್ನು ಇಲ್ಲಿ ಹೇಳದಿರಲಾರೆ. 1914ರಲ್ಲಿ ತೆರೆದ ಆ ಸೇತುವೆಗೆ ಮುಂದೆ ಗಾಳಿಮಾಪಕವೊಂದನ್ನು ಜೋಡಿಸಿದ್ದರು. ಗಾಳಿ ಗೊತ್ತುಪಡಿಸಿದ ಮಿತಿಯನ್ನು ಮೀರಿದೊಡನೆ ಸಿಗ್ನಲ್ ತಾನಾಗಿಯೇ ಕೆಂಪಾಗಿ ರೈಲು ನಿಲ್ಲುತ್ತಿತ್ತು. ಚಾಲಕನಿಗೆ ಧೈರ್ಯವಿದೆಯೇ, ಪ್ರಯಾಣಿಕರಿಗೆ ಅವಸರವಿದೆಯೇ ಎಂದು ಅದು ವಿಚಾರಿಸುತ್ತಿರಲಿಲ್ಲ. 1964ರ ಡಿಸೆಂಬರಿನ ಚಂಡಮಾರುತದಲ್ಲಿ ಧನುಷ್ಕೋಡಿ ಪಟ್ಟಣವೂ, ಅಲ್ಲಿಗೆ ಹೊರಟಿದ್ದ ರೈಲೂ ಕಡಲಿನ ಪಾಲಾದುದನ್ನು ಕಂಡ ದ್ವೀಪ ಅದು. ಕೈಟ್‌ಬೋರ್ಡಿಂಗಿಗೆ ಹೊರಡುವವರೂ ತಮ್ಮ ಮಿತಿಯ ಅಂಕಿಯನ್ನು ಮನೆಯಲ್ಲಿ, ಶಾಂತಚಿತ್ತದಿಂದ ಇರುವಾಗಲೇ ಗೊತ್ತುಮಾಡಿಕೊಳ್ಳುವುದು ಲೇಸು. ದಂಡೆಯಲ್ಲಿ ಪಟ ಬಿಚ್ಚಿ, ಗೆಳೆಯರು ನೀರಿನಲ್ಲಿ ನಲಿಯುವುದನ್ನು ನೋಡುತ್ತ ನಿಂತಾಗ ಆ ಅಂಕಿ ತಾನಾಗಿ ಮೇಲೇರತೊಡಗುತ್ತದೆ.

ಮೂರನೆಯದು ಗಾಳಿಯ ಸ್ವಭಾವ. ಸರಾಸರಿ 16 ನಾಟ್ ಎಂದು ಕೇಳಿ ಸಮಾಧಾನಪಡುವಂತಿಲ್ಲ. 15ಕ್ಕೂ 17ಕ್ಕೂ ನಡುವೆ ಆಡುವ 16 ಬೇರೆ, 8ಕ್ಕೆ ಇಳಿದು 26ಕ್ಕೆ ನೆಗೆಯುವ 16 ಬೇರೆ. ಎತ್ತರದ ಕಟ್ಟಡ, ತೆಂಗಿನ ತೋಪು, ಗುಡ್ಡಗಳನ್ನು ದಾಟಿಬಂದ ಗಾಳಿ ಬಹುದೂರದವರೆಗೂ ಕದಡಿಯೇ ಇರುತ್ತದೆ. ಇವುಗಳಿಗಿಂತಲೂ ಭಯಂಕರವಾದದ್ದು ಮಳೆಮೋಡದಿಂದ ಇಳಿದು ಬರುವ ಬಿರುಸು. ಕನಿಷ್ಠ 16 ನಾಟ್‌ಗಳಷ್ಟು ಒಮ್ಮೆಲೇ ಏರಿ, 22 ನಾಟ್ ಅಥವಾ ಅದಕ್ಕೂ ಹೆಚ್ಚಿನ ವೇಗವನ್ನು ಮುಟ್ಟಿ, ಒಂದು ನಿಮಿಷವಾದರೂ ನಿಲ್ಲುವ ಗಾಳಿಯನ್ನು ಹವಾಮಾನ ಶಾಸ್ತ್ರವು ಈ ವರ್ಗಕ್ಕೆ ಸೇರಿಸುತ್ತದೆ. ಒಂದು ನಿಮಿಷವೇ ತಾನೇ ಎನ್ನಬೇಡಿ. 2008ರ ಆಗಸ್ಟ್‌ನಲ್ಲಿ "ಫೇ" ಎಂಬ ಚಂಡಮಾರುತವು ಅಮೆರಿಕದ ಫ್ಲಾರಿಡಾವನ್ನು ಸಮೀಪಿಸಿದ್ದಾಗ, ಫೋರ್ಟ್ ಲಾಡರ್‌ಡೇಲ್ ದಂಡೆಯಲ್ಲಿ ಒಬ್ಬ ತರುಣನು ಪಟ ಹಾರಿಸಿದನು. ಬಿರುಸು ಅವನನ್ನು ಎತ್ತಿ ಮರಳಿಗೆ ಅಪ್ಪಳಿಸಿತು. ಮತ್ತೆ ಎತ್ತಿ ರಸ್ತೆಯಾಚೆಯ ಕಟ್ಟಡಕ್ಕೆ ಬಡಿಯಿತು. ಟೆಲಿವಿಷನ್ ಕ್ಯಾಮೆರಾ ಅದನ್ನೆಲ್ಲ ಚಿತ್ರಿಸಿತು. ಅವನು ತೀವ್ರವಾಗಿ ಗಾಯಗೊಂಡರೂ ಬದುಕಿದನು. ನಡೆದದ್ದೆಲ್ಲ ಕೆಲವೇ ಕ್ಷಣಗಳಲ್ಲಿ.

ಆದ್ದರಿಂದ ಆಕಾಶದಲ್ಲಿ ಬುಡ ಕಪ್ಪಾದ ಮೋಡ ಕಂಡರೆ, ಬೀಸುತ್ತಿದ್ದ ಗಾಳಿ ಒಮ್ಮೆಲೇ ಸತ್ತುಹೋದರೆ, ಮೈಗೆ ತಣ್ಣನೆಯ ಗಾಳಿ ತಟ್ಟಿದರೆ, ದೂರದಲ್ಲಿ ನೀರಿನ ಬಣ್ಣ ಗಾಢವಾಗಿ ಗೆರೆಯಂತೆ ಮುಂದೊತ್ತಿ ಬಂದರೆ ಪಟವನ್ನು ಇಳಿಸಬೇಕು. ಗುಡುಗು ಕೇಳಿಸಿದ ಮೇಲಂತೂ ಆಲೋಚನೆಗೆ ಎಡೆಯಿಲ್ಲ.

ಇವನ್ನೆಲ್ಲ ತಿಳಿಯುವ ಬಗೆ ಹೇಗೆ? ಭಾರತೀಯ ಹವಾಮಾನ ಇಲಾಖೆಯು ಕರಾವಳಿಗೂ ಮೀನುಗಾರರಿಗೂ ದಿನನಿತ್ಯ ಮುನ್ನೆಚ್ಚರಿಕೆ ನೀಡುತ್ತದೆ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರವು ಅಲೆಗಳ ಎತ್ತರ, ಪ್ರವಾಹ, ಗಾಳಿಗಳ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಮೀನುಗಾರರಿಗೆ ಕಡಲಿಗಿಳಿಯಬೇಡಿ ಎಂದ ದಿನ ಹುಟ್ಟಿನಿಂದ ಕಡಲನ್ನು ಕಂಡವರೇ ದಡದಲ್ಲಿರುತ್ತಾರೆ. ಅಂದು ಬಯಲುಸೀಮೆಯ ಮಕ್ಕಳಿಗೆ ಅಲ್ಲೇನು ಕೆಲಸ? ಮೊಬೈಲಿನಲ್ಲಿ ಕಾಣುವ ಗಾಳಿಯ ಅಂಕಿಗಳು ಸಹಾಯಕ್ಕಿರಲಿ. ಅವು ವಿಶಾಲ ಪ್ರದೇಶದ ಅಂದಾಜುಗಳು. ನೀವು ನಿಂತ ದಂಡೆಯ ತೋಪು, ತಿರುವುಗಳನ್ನು ಅವು ಬಲ್ಲವಲ್ಲ.

ಕಣ್ಣಿಗೂ ಕೆಲಸ ಕೊಡಬೇಕು. ಕಡಲ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ ಗಾಳಿ 10 ನಾಟ್‌ನ ಆಸುಪಾಸಿನಲ್ಲಿದೆ. ನೊರೆ ಆಗಾಗ ಎದ್ದು ಕಾಣುತ್ತಿದ್ದರೆ 11ರಿಂದ 16. ಎತ್ತ ನೋಡಿದರೂ ನೊರೆಯಿದ್ದು ತುಂತುರು ಹಾರತೊಡಗಿದ್ದರೆ 20ರ ಸುತ್ತ. ಕೊಡೆ ಹಿಡಿಯಲಾಗದೆ, ತಂತಿಗಳು ಸಿಳ್ಳು ಹಾಕತೊಡಗಿದರೆ ಅದು 22ನ್ನು ದಾಟಿದೆ. ಕಲಿಯುವವರು ಅಂದು ದಂಡೆಯಲ್ಲಿ ಕುಳಿತು ನೋಡಿದರೆ ಸಾಕು. ಕೈಯಲ್ಲಿ ಹಿಡಿಯುವ ಸಣ್ಣ ಗಾಳಿಮಾಪಕಗಳೂ ದೊರೆಯುತ್ತವೆ. ಒಮ್ಮೆ ನೋಡಿ ಜೇಬಿಗಿಡದೆ ಹತ್ತು ಹದಿನೈದು ನಿಮಿಷ ಗಮನಿಸಿದರೆ ಗಾಳಿ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ಬಲೆ ಒಣಗಿಸುತ್ತಿರುವ ಹಿರಿಯ ಮೀನುಗಾರನೊಬ್ಬನನ್ನು ಕೇಳುವುದಕ್ಕೆ ಹಣ ಬೇಕಿಲ್ಲ, ವಿನಯ ಬೇಕು. ನೀರಿನೊಳಗಿನ ಬಂಡೆ, ಬಲೆಯ ಗೂಟ, ಸೆಳವು ಇವೆಲ್ಲ ಅವನಿಗೆ ಗೊತ್ತಿರುತ್ತವೆ.

ಕಡಲನ್ನು ಅರಿಯದ ನಮ್ಮಂಥ ಒಳನಾಡಿನವರಿಗೆ ಈ ವಿಚಾರಣೆ ಹೆಚ್ಚು ಅಗತ್ಯ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಆ ಮಕ್ಕಳ ಬಳಿ ಪಟವೂ ಇರಲಿಲ್ಲ, ಹಲಗೆಯೂ ಇರಲಿಲ್ಲ.

ದಂಡೆಯ ಮೇಲಿನ ಸಿದ್ಧತೆಯನ್ನು ಶಿಕ್ಷಕರು ಕಲಿಸುತ್ತಾರೆ, ಸಂಕ್ಷೇಪವಾಗಿ ಹೇಳಿದರೆ ಸಾಕು. ಗಾಳಿ ಹೋಗುವ ಕಡೆಗೆ ದಾರದ ಉದ್ದದ ಹಲವು ಪಟ್ಟು ಜಾಗ ಬರಿದಾಗಿರಬೇಕು. ಅಲ್ಲಿ ಜನ, ಬಂಡೆ, ವಿದ್ಯುತ್ ತಂತಿ ಇರಕೂಡದು. ಪಟವನ್ನು ಏರಿಸಲು, ಇಳಿಸಲು ಬಲ್ಲವರೊಬ್ಬರ ಸಹಾಯವಿರಬೇಕು. ದಾರಗಳು ಅದಲುಬದಲಾಗಿಲ್ಲವೆಂದು ಬೆರಳಾಡಿಸಿ ನೋಡಬೇಕು. ಒಂದೇ ಒತ್ತಿಗೆ ಪಟದ ಬಲವನ್ನು ಕಳಚುವ ಕೊಂಡಿಯನ್ನು ಪ್ರತಿ ಸಲವೂ ನೆಲದ ಮೇಲೆಯೇ ಒತ್ತಿ ಪರೀಕ್ಷಿಸಬೇಕು. ಮರಳು ಸೇರಿಕೊಂಡ ಕೊಂಡಿ ಬೇಕಾದಾಗ ಬಿಚ್ಚದೆ ಹೋಗಬಹುದು. ಶಿರಸ್ತ್ರಾಣ, ತೇಲುವ ಅಂಗಿ, ದಾರ ಕತ್ತರಿಸುವ ಸಣ್ಣ ಚಾಕು ಮೈಮೇಲಿರಬೇಕು. ದಡದಿಂದ ಎಷ್ಟು ದೂರ ಈಜಿ ಮರಳಬಲ್ಲಿರೋ ಅದಕ್ಕಿಂತ ಆಚೆ ಹೋಗಬಾರದು.

ಮಧ್ಯಾಹ್ನದ ಕಡಲಗಾಳಿ ನೆಲ ಕಾದಂತೆ ಹುಟ್ಟಿ, ಹೊತ್ತು ಇಳಿದಂತೆ ಸೋಲುತ್ತದೆ. ಕತ್ತಲಾಗುವಾಗ ಗಾಳಿ ನಿಂತರೆ ಪಟವು ನೀರಿಗೆ ಬೀಳುತ್ತದೆ, ಮೇಲೇಳುವುದಿಲ್ಲ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ದಡದಲ್ಲಿರುವ ನಿಯಮವನ್ನು ಮಕ್ಕಳಿಂದ ಒಪ್ಪಿಸಿಕೊಳ್ಳಿ. ಇಳಿಯುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಮನೆಗೆ ಫೋನ್ ಮಾಡುವಂತೆ ಹೇಳಿ. ಯಾವ ದಂಡೆ, ಜೊತೆಗೆ ಯಾರು, ಎಷ್ಟು ಗಂಟೆಗೆ ಮರಳುವುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹೇಳಿದ ಹೊತ್ತು ಮೀರಿ ಸುದ್ದಿ ಬಾರದಿದ್ದರೆ ಮೊದಲು ಅಲ್ಲಿನ ಶಿಕ್ಷಕರನ್ನು ಕೇಳಿ. ಅವರಿಗೂ ತಿಳಿಯದಿದ್ದರೆ ತಡಮಾಡದೆ ಭಾರತೀಯ ತಟರಕ್ಷಣಾ ಪಡೆಯ 1554 ಸಂಖ್ಯೆಗೆ ಕರೆ ಮಾಡಿ, ಚೀಟಿಯಲ್ಲಿರುವುದನ್ನು ಓದಿ ಹೇಳಿ.