ಮಳೆನಾಡಿನ ಶಾಲೆ, ಮಕ್ಕಳ ಸುದ್ದಿಹಲಗೆ

ಕೊಡಗಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯ ನಡುವೆ ಪುಟ್ಟದೊಂದು ಹೊತ್ತು ವಾರ್ತೆಗೆ ಮೀಸಲು. ನಾಡಗೀತೆ, ಸಂವಿಧಾನದ ಪೀಠಿಕೆ, ನುಡಿಮುತ್ತು ಆದ ಮೇಲೆ ಆ ದಿನದ ಸರದಿಯ ವಿದ್ಯಾರ್ಥಿ ಸಾಲು ಬಿಟ್ಟು ಮುಂದೆ ಬಂದು, ಪತ್ರಿಕೆ ನೋಡಿ ಬರೆದುಕೊಂಡ ನಾಲ್ಕಾರು ಸುದ್ದಿ ಓದುತ್ತಾಳೆ. ಕೊನೆಗೆ ಶಾಲೆಯದೇ ಸಮಾಚಾರ: ಶನಿವಾರ ಪೋಷಕರ ಸಭೆ, ಪ್ರತಿಭಾ ಕಾರಂಜಿಗೆ ಹೆಸರು ಕೊಡುವವರು ಇವತ್ತೇ ಕೊಡಬೇಕು, ಮಳೆ ರಜೆಗೆ ಬದಲಾಗಿ ಮುಂದಿನ ಶನಿವಾರ ಸಂಜೆವರೆಗೂ ಪಾಠ. ಅವೇ ಸಾಲುಗಳು ಜಗಲಿಯ ಕರಿಹಲಗೆಯಲ್ಲಿ ಸೀಮೆಸುಣ್ಣದಲ್ಲೂ ಕಾಣುತ್ತವೆ. ಈಗ ಇದರಲ್ಲಿ ಹೆಚ್ಚಿನದೆಲ್ಲ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಸಾಗಿದೆ. ಸುದ್ದಿ ಮುಟ್ಟಿದರೆ ಆಯಿತು ಎನ್ನುವವರಿಗೆ ಅಷ್ಟೇ ಸಾಕು. ಆದರೆ ಶಾಲೆಯ ಸುದ್ದಿಯನ್ನು ಮಕ್ಕಳೇ ಕಲೆಹಾಕಿ, ಬರೆದು, ಓದಿ ಹೇಳುವುದು ಓದು-ಬರಹದಷ್ಟೇ ಮುಖ್ಯವಾದ ಕಲಿಕೆ, ಅದನ್ನು ಕೈಬಿಡಬಾರದು.

ಈ ಕಲಿಕೆಯ ಬೀಜ ನಲಿ-ಕಲಿ ತರಗತಿಯಲ್ಲೇ ಇದೆ. ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಕೊಡಗಿನ ನೆರೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭಿಸಿದ ಪದ್ಧತಿ ಇದು. ನಲಿ-ಕಲಿ ಕೋಣೆಯಲ್ಲಿ ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಕ್ಕಳ ಬರಹ, ಚಿತ್ರಗಳು ತೂಗುತ್ತಿರುತ್ತವೆ. ಗೋಡೆಯ ಹವಾಮಾನ ನಕ್ಷೆಯಲ್ಲಿ ಬಿಸಿಲು, ಮೋಡ, ಮಳೆಯ ಚಿತ್ರಗಳು. ಮಗು ಹೊರಗೆ ನೋಡಿ ಆ ದಿನಕ್ಕೆ ಹೊಂದುವುದನ್ನು ಗುರುತು ಮಾಡಬೇಕು. ಜುಲೈಯ ಕೊಡಗಿನಲ್ಲಿ ವಾರಗಟ್ಟಲೆ ಗುರುತು ಬೀಳುವುದು ಮಳೆಗೇ. ಆದರೂ ದಿನವೂ ನೋಡಿಯೇ ಹಾಕಬೇಕು. ನಿನ್ನೆ ಇದ್ದದ್ದು ಇವತ್ತೂ ಇದೆಯೆಂದು ಬರೆಯುವ ಮುನ್ನ ಕಣ್ಣಾರೆ ಕಾಣಬೇಕು. ವರದಿಗಾರಿಕೆಯ ಮೊದಲ ಪಾಠವೂ ಇದೇ. ಆರು ವರ್ಷಕ್ಕೆ ಮಳೆ ಗುರುತಿಸಿದ ಮಗು ಹತ್ತು ವರ್ಷಕ್ಕೆ ಬಿಸಿಯೂಟ ಎಷ್ಟು ಹೊತ್ತಿಗೆ ಬಂತು, ಕೈತೊಳೆಯುವ ನಲ್ಲಿ ಯಾಕೆ ಕೆಟ್ಟಿತು ಎಂದು ಕೇಳಿ ತಿಳಿದು ಬರೆಯಬಲ್ಲದು. ಮಕ್ಕಳು ಹೀಗೆ ಬರೆದದ್ದಕ್ಕೆ ಹಳೆಯ ಉದಾಹರಣೆಯೂ ಇದೆ: ಫ್ರಾನ್ಸಿನ ಹಳ್ಳಿ ಮೇಷ್ಟ್ರು ಸೆಲೆಸ್ತಾಂ ಫ್ರೆನೆ 1920ರ ದಶಕದಲ್ಲೇ ತರಗತಿಗೆ ಪುಟ್ಟ ಅಚ್ಚಿನ ಯಂತ್ರ ತಂದು, ಮಕ್ಕಳ ಬರಹವನ್ನೇ ಪತ್ರಿಕೆ ಮಾಡಿ ಬೇರೆ ಶಾಲೆಗಳಿಗೆ ಕಳಿಸಿಕೊಟ್ಟಿದ್ದರು.

ಕೊಡಗಿನಲ್ಲಿ ಶಾಲೆಗೂ ಸುದ್ದಿಗೂ ಇರುವ ನಂಟು ಹೊಸದಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಮುಂದೆ 1850ರ ದಶಕದಲ್ಲಿ ಕೊಡಗಿನಲ್ಲಿ ನೆಲೆಸಿ ಕೆಲಸ ಮಾಡಿದರು. 1870ರಲ್ಲಿ ಕೊಡಗಿನ ಕೈಪಿಡಿ ಬರೆದ ಜಿ. ರಿಕ್ಟರ್ ಮಡಿಕೇರಿ ಸೆಂಟ್ರಲ್ ಶಾಲೆಯ ಮುಖ್ಯಸ್ಥರಾಗಿದ್ದವರು. ನಾಡಿನ ಸಂಗತಿ ಕಲೆಹಾಕುವ ಕೆಲಸ ಮೇಷ್ಟ್ರ ಕೈಯಲ್ಲೇ ಇತ್ತು ಎಂಬುದಕ್ಕೆ ಇದು ಸಾಕ್ಷಿ.

ಮಳೆಗಾಲದಲ್ಲಿ ಕರಿಹಲಗೆ ನಂಬಿ ಕೂರಲು ಆಗುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದು. ಜಿಲ್ಲಾಧಿಕಾರಿ ರಜೆ ಘೋಷಿಸುವುದು ಹಿಂದಿನ ರಾತ್ರಿ, ಕೆಲವೊಮ್ಮೆ ಬೆಳಗ್ಗೆಯೇ. ತೋಟದ ದಾರಿಯಲ್ಲಿ ಕಾಡಾನೆ ಇದೆಯೆಂಬ ಎಚ್ಚರಿಕೆಯೂ ಫೋನಿನಲ್ಲೇ ಬೇಗ ಮುಟ್ಟುತ್ತದೆ. ಇಂಥ ತುರ್ತಿಗೆ ಫೋನೇ ಸರಿ. ಆದರೆ ಕೈಲ್‌ಪೊಳ್ದ್‌ ಹಬ್ಬದ ರಜೆ, ಹುತ್ತರಿ ಹಬ್ಬದ ಹೊತ್ತಿನ ಪರೀಕ್ಷೆ, ಮೂರನೇ ಶನಿವಾರದ ಬ್ಯಾಗ್‌ರಹಿತ ಸಂಭ್ರಮ, ಮಕ್ಕಳ ಗ್ರಾಮಸಭೆ ಇವೆಲ್ಲ ಮೊದಲೇ ಗೊತ್ತಿರುವ ದಿನಗಳು. ಮಕ್ಕಳು ಸಿದ್ಧವಾಗಿ ಬರೆಯಲು ಸಾಕಷ್ಟು ಸಮಯವಿದೆ. ಇನ್ನೊಂದು ಮಾತು: 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಕರೆಂಟೂ ನೆಟ್‌ವರ್ಕೂ ಹೋಗಿ, ಎಷ್ಟೋ ಊರುಗಳಲ್ಲಿ ಸುದ್ದಿ ಬಾಯಿಂದ ಬಾಯಿಗೇ ದಾಟಬೇಕಾಯಿತು. ಕೇಳಿದ್ದನ್ನು ತಪ್ಪಿಲ್ಲದೆ ಹೇಳುವ ಅಭ್ಯಾಸ ಇಂಥ ಜಿಲ್ಲೆಯಲ್ಲಿ ಜೀವ ಉಳಿಸುವ ವಿದ್ಯೆ.

ಪೋಷಕರಿಗೆ ಕನ್ನಡ ಓದಲು ಬಾರದಿದ್ದರೆ ಹಲಗೆಯಿಂದ ಏನು ಲಾಭ ಎಂದೂ ಕೇಳಬಹುದು. ತೋಟಗಳ ಲೈನ್‌ಮನೆಗಳಲ್ಲಿ ಅಸ್ಸಾಂ, ತಮಿಳುನಾಡಿನಿಂದ ಬಂದವರಿದ್ದಾರೆ. ಆದಿವಾಸಿ ಹಾಡಿಗಳಲ್ಲಿ ಯರವ, ಜೇನುಕುರುಬ ನುಡಿಗಳಿವೆ. ಊರಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಕನ್ನಡ ಸಂದೇಶವೂ ಇಂಥ ಎಷ್ಟೋ ಮನೆಗಳಲ್ಲಿ ಓದುವವರಿಲ್ಲದೆ ಉಳಿಯುತ್ತದೆ. ಬೆಳಗ್ಗೆ ತಾನೇ ಓದಿದ ಸುದ್ದಿಯನ್ನು ಮಗು ಮಾತ್ರ ಮನೆಯ ಮಾತಿನಲ್ಲಿ ಹೇಳಬಲ್ಲದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಎಸ್‌ಡಿಎಂಸಿ ಎಂಬ ಈ ಸಮಿತಿಯ ಸಭೆ ಯಾವಾಗ, ಯಾತಕ್ಕೆ ಎಂದು ತಿಳಿಯದ ತಾಯಿಗೆ ಆ ಕುರ್ಚಿ ಸಿಕ್ಕಿಯೂ ಸಿಗದಂತೆ. ಈ ಸುದ್ದಿಹಲಗೆ ಶಿಕ್ಷಕರ ಹೆಗಲಿಗೆ ಇನ್ನೊಂದು ಹೊರೆ ಎಂಬ ಮಾತು, ಇಬ್ಬರೇ ಶಿಕ್ಷಕರಿರುವ ಕಡೆ ಸುಳ್ಳಲ್ಲ. ಅದಕ್ಕೇ ಇದನ್ನು ದಾಖಲೆ, ಫೋಟೊ ಅಪ್‌ಲೋಡುಗಳ ಪಟ್ಟಿಗೆ ಸೇರಿಸಬಾರದು. ನಾಲ್ಕನೇ, ಐದನೇ ತರಗತಿಯವರ ಸರದಿಗೆ ಬಿಟ್ಟುಕೊಡಬೇಕು. ಕಾಗುಣಿತ ತಪ್ಪಿದರೆ ಮರುದಿನ ತಿದ್ದಬಹುದು.

ಸುದ್ದಿಹಲಗೆ ಉಳಿಯಬೇಕಾದರೆ ಮೊದಲು ಊರಿನ ಶಾಲೆ ಉಳಿಯಬೇಕು. ಮಕ್ಕಳ ಸಂಖ್ಯೆ ಕಡಿಮೆಯೆಂದು ಸಣ್ಣ ಶಾಲೆಗಳನ್ನು ವಿಲೀನ ಮಾಡುವ ಮಾತು ಮತ್ತೆ ಮತ್ತೆ ಕೇಳಿಬರುತ್ತಿರುವ ಕಾಲವಿದು. ಮಕ್ಕಳೇನೋ ಬಸ್ಸು ಹತ್ತಿ ದೊಡ್ಡ ಶಾಲೆಗೆ ಹೋಗುತ್ತಾರೆ, ಅಲ್ಲಿ ಪಾಠವೂ ಆಗುತ್ತದೆ. ಆದರೆ ತೋಟದ ಸಾಹುಕಾರರ ಮಗನೂ ಲೈನ್‌ಮನೆಯ ಮಗಳೂ ಬೇರೆ ಬೇರೆ ಬಸ್ಸು ಹತ್ತುವ ಊರಿನಲ್ಲಿ, ಎಲ್ಲರೂ ಸೇರಿ ಕಾಯುವ ಒಂದು ದಿನಾಂಕ ಇಲ್ಲದೆ ಹೋಗುತ್ತದೆ. ಶಾಲಾ ವಾರ್ಷಿಕೋತ್ಸವ ಇಲ್ಲದ ವರ್ಷ ಆ ಊರಿಗೆ ತನ್ನದೆಂದು ಹೇಳಿಕೊಳ್ಳಲು ಎಷ್ಟು ಸುದ್ದಿ ಉಳಿದೀತು?