ಕಾರ್ಲ್ ಡಿ. ಪರ್ಕಿನ್ಸ್

ಕಾರ್ಲ್ ಡ್ಯೂಯಿ ಪರ್ಕಿನ್ಸ್ (ಅಕ್ಟೋಬರ್ 15, 1912 – ಆಗಸ್ಟ್ 3, 1984) ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಕಾರಣಿ. ಡೆಮಾಕ್ರಟಿಕ್ ಪಕ್ಷದ ಸದಸ್ಯರಾಗಿದ್ದ ಇವರು ಕೆಂಟಕಿ ರಾಜ್ಯದ 7ನೆಯ ಕ್ಷೇತ್ರವನ್ನು 1949ರಿಂದ ತಮ್ಮ ನಿಧನದವರೆಗೆ ಪ್ರತಿನಿಧಿ ಸಭೆಯಲ್ಲಿ ಪ್ರತಿನಿಧಿಸಿದರು. 1967ರಿಂದ ಸಭೆಯ ಶಿಕ್ಷಣ ಮತ್ತು ಕಾರ್ಮಿಕ ಸಮಿತಿಯ ಅಧ್ಯಕ್ಷರಾಗಿದ್ದರು. ಅಮೆರಿಕದಲ್ಲಿ ವೃತ್ತಿಶಿಕ್ಷಣಕ್ಕೆ ಒಕ್ಕೂಟ ಸರ್ಕಾರ ನೀಡುವ ಅನುದಾನವು ಇಂದಿಗೂ ಇವರ ಹೆಸರಿನ ಕಾಯ್ದೆಯ ಮೂಲಕವೇ ಹಂಚಿಕೆಯಾಗುತ್ತದೆ.

ಹಿನ್ನೆಲೆ

ಪರ್ಕಿನ್ಸ್ ಹುಟ್ಟಿದ್ದು ಪೂರ್ವ ಕೆಂಟಕಿಯ ನಾಟ್ ಕೌಂಟಿಯ ಹಿಂಡ್‌ಮನ್ ಎಂಬ ಸಣ್ಣ ಊರಿನಲ್ಲಿ. ಕಾನೂನು ಪದವಿ ಪಡೆದು 1935ರಲ್ಲಿ ಅದೇ ಊರಿನಲ್ಲಿ ವಕೀಲಿ ವೃತ್ತಿ ಆರಂಭಿಸಿದರು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನಲ್ಲಿ ಸೈನಿಕರಾಗಿ ಸೇವೆ ಸಲ್ಲಿಸಿದರು.

ಇವರ ಕ್ಷೇತ್ರವು ಅಪಲಾಚಿಯನ್ ಪರ್ವತ ಪ್ರದೇಶದ ಕಲ್ಲಿದ್ದಲು ಗಣಿಗಳ ನಾಡು. ಯುದ್ಧಾನಂತರ ಗಣಿಗಳಿಗೆ ಯಂತ್ರಗಳು ಬಂದು ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ಕುಟುಂಬಗಳು ಒಹಾಯೊ, ಮಿಷಿಗನ್ ರಾಜ್ಯಗಳ ಕಾರ್ಖಾನೆ ಪಟ್ಟಣಗಳಿಗೆ ವಲಸೆ ಹೋದವು. ಗಣಿ ಕೆಲಸವನ್ನುಳಿದು ಬೇರೇನೂ ಕಲಿಯದ ಮನುಷ್ಯನಿಗೆ ಗಣಿ ಮುಚ್ಚಿದ ಮೇಲೆ ಗತಿಯೇನು ಎಂಬುದು ಈ ಪ್ರದೇಶದಲ್ಲಿ ಪ್ರತಿ ಮನೆಯ ಚಿಂತೆಯಾಗಿತ್ತು. ವೃತ್ತಿಶಿಕ್ಷಣದ ಬಗೆಗಿನ ಪರ್ಕಿನ್ಸ್‌ರ ನಿಲುವನ್ನು ಈ ಹಿನ್ನೆಲೆಯಿಂದ ಬೇರ್ಪಡಿಸಿ ನೋಡಲಾಗದು.

ವೃತ್ತಿಶಿಕ್ಷಣದ ಅನುದಾನ

ವೃತ್ತಿಶಿಕ್ಷಣಕ್ಕೆ ಒಕ್ಕೂಟದ ನೆರವು ಆರಂಭವಾದದ್ದು 1917ರ ಸ್ಮಿತ್-ಹ್ಯೂಸ್ ಕಾಯ್ದೆಯಿಂದ. ಆ ಹಣ ಕೃಷಿ, ಗೃಹವಿಜ್ಞಾನ ಹಾಗೂ ಕೈಗಾರಿಕಾ ಕಸುಬುಗಳೆಂಬ ಕಟ್ಟುನಿಟ್ಟಾದ ವಿಭಾಗಗಳಲ್ಲಿ ಹಂಚಿಹೋಗುತ್ತಿತ್ತು. ಕೃಷಿಯಲ್ಲಿ ದುಡಿಯುವವರ ಸಂಖ್ಯೆ ಕುಸಿಯುತ್ತಿದ್ದರೂ ಅದಕ್ಕೆ ಮೀಸಲಾದ ಹಣವನ್ನು ಬೇರೆ ತರಬೇತಿಗೆ ಬಳಸುವುದು ಸುಲಭವಿರಲಿಲ್ಲ. 1961ರಲ್ಲಿ ಅಧ್ಯಕ್ಷ ಕೆನಡಿ ನೇಮಿಸಿದ ಸಲಹಾ ಮಂಡಳಿ ಈ ದೋಷವನ್ನು ಎತ್ತಿ ತೋರಿಸಿತು. ಅನಂತರ ರೂಪುಗೊಂಡ 1963ರ ವೃತ್ತಿಶಿಕ್ಷಣ ಕಾಯ್ದೆಯನ್ನು ಪ್ರತಿನಿಧಿ ಸಭೆಯಲ್ಲಿ ಮುನ್ನಡೆಸಿದವರು ಪರ್ಕಿನ್ಸ್. ಸೆನೆಟ್‌ನಲ್ಲಿ ಈ ಹೊಣೆ ಹೊತ್ತವರು ಆರೆಗನ್ ರಾಜ್ಯದ ವೇನ್ ಮೋರ್ಸ್. ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರ್ 18ರಂದು ಇದಕ್ಕೆ ಸಹಿ ಹಾಕಿದರು.

ಈ ಕಾಯ್ದೆ ಕಸುಬಿನ ಬದಲು ಕಲಿಯುವ ವ್ಯಕ್ತಿಯನ್ನು ಆಧಾರವಾಗಿಟ್ಟುಕೊಂಡಿತು. ಪ್ರೌಢಶಾಲೆಯ ವಿದ್ಯಾರ್ಥಿಗಳು, ಶಾಲೆ ಬಿಟ್ಟವರು, ಕೆಲಸದಲ್ಲಿದ್ದು ಹೊಸ ಕೌಶಲ ಬೇಕಾದವರು, ಸಾಮಾನ್ಯ ತರಗತಿಯಲ್ಲಿ ಮುಂದುವರಿಯಲು ಅಡಚಣೆಯಿರುವವರು ಎಂದು ಫಲಾನುಭವಿಗಳನ್ನು ಗುರುತಿಸಲಾಯಿತು. ನಮ್ಮ ಐಟಿಐ ಹಾಗೂ ಪಾಲಿಟೆಕ್ನಿಕ್‌ಗಳಿಗೆ ಕೊಂಚಮಟ್ಟಿಗೆ ಹೋಲುವ ಪ್ರಾದೇಶಿಕ ವೃತ್ತಿಶಿಕ್ಷಣ ಶಾಲೆಗಳ ಕಟ್ಟಡಕ್ಕೂ ಹಣ ಬಳಸಬಹುದಾಯಿತು. ಹಂಚಿಕೆಯ ಸೂತ್ರದಲ್ಲಿ ಆಯಾ ವಯೋಮಾನದ ಜನಸಂಖ್ಯೆಯ ಜೊತೆಗೆ ರಾಜ್ಯದ ತಲಾ ಆದಾಯವನ್ನೂ ಪರಿಗಣಿಸಿದ್ದರಿಂದ ಕೆಂಟಕಿಯಂತಹ ಬಡ ರಾಜ್ಯಗಳಿಗೆ ತುಸು ಹೆಚ್ಚಿನ ಪಾಲು ಸಿಕ್ಕಿತು. 1965ರ ಅಪಲಾಚಿಯ ಪ್ರಾದೇಶಿಕ ಅಭಿವೃದ್ಧಿ ಕಾಯ್ದೆಯೂ ಇಂತಹ ಶಾಲೆಗಳ ನಿರ್ಮಾಣಕ್ಕೆ ನೆರವು ಒದಗಿಸಿತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಪರ್ಕಿನ್ಸ್ ಅಧ್ಯಕ್ಷರಾಗಿದ್ದ ಸಮಿತಿ ಯೋಜನೆಗಳನ್ನು ರೂಪಿಸಿ ವೆಚ್ಚದ ಗರಿಷ್ಠ ಮಿತಿಯನ್ನಷ್ಟೇ ನಿಗದಿಪಡಿಸಬಲ್ಲದು. ವಾಸ್ತವವಾಗಿ ಹಣ ಮಂಜೂರು ಮಾಡುವುದು ಧನವಿನಿಯೋಗ ಸಮಿತಿಯ ಕೆಲಸ. ಕಾಯ್ದೆಯಲ್ಲಿ ಬರೆದ ಮೊತ್ತಕ್ಕೂ ಕಾಲೇಜಿನ ಕೈಸೇರುವ ಮೊತ್ತಕ್ಕೂ ಅಂತರವಿರುವುದು ಈ ಕಾರಣದಿಂದ. ಆದ್ದರಿಂದ ಕಾಯ್ದೆಯನ್ನು ಅಂಗೀಕರಿಸಿದರಷ್ಟೇ ಸಾಲದೆ, ವರ್ಷವರ್ಷವೂ ಆಯವ್ಯಯದ ಚರ್ಚೆಯಲ್ಲಿ ಅದರ ಪರ ವಾದಿಸಬೇಕಾಗುತ್ತಿತ್ತು.

ಅಧ್ಯಕ್ಷ ರೇಗನ್ ಅವರ ಆಡಳಿತವು 1980ರ ದಶಕದ ಆರಂಭದಲ್ಲಿ ವೃತ್ತಿಶಿಕ್ಷಣ ಮತ್ತು ವಯಸ್ಕರ ಶಿಕ್ಷಣದ ಯೋಜನೆಗಳನ್ನು ಒಗ್ಗೂಡಿಸಿ, ಕಡಿಮೆ ಮೊತ್ತವನ್ನು ರಾಜ್ಯಗಳಿಗೆ ಇಡುಗಂಟಾಗಿ ಕೊಡುವ ಪ್ರಸ್ತಾಪ ಮುಂದಿಟ್ಟಿತು. ರಾಜ್ಯಗಳಿಗೆ ಸ್ವಾತಂತ್ರ್ಯ ಹೆಚ್ಚಬೇಕೆಂಬುದು ಸರ್ಕಾರದ ವಾದ. ಷರತ್ತಿಲ್ಲದ ಹಣ ದನಿಯಿಲ್ಲದವರನ್ನು ತಲುಪುವುದಿಲ್ಲವೆಂಬುದು ವಿರೋಧಿಗಳ ಆತಂಕ. ಈ ಪ್ರಸ್ತಾಪವನ್ನು ಕಾಂಗ್ರೆಸ್ ಒಪ್ಪಲಿಲ್ಲ.

ಕ್ಷೇತ್ರದ ಸೇವೆ

ಪರ್ಕಿನ್ಸ್ ವಾರಾಂತ್ಯಗಳಲ್ಲಿ ತಪ್ಪದೆ ಕ್ಷೇತ್ರಕ್ಕೆ ಮರಳಿ, ಊರೂರು ಸುತ್ತಿ ಜನರ ಅಹವಾಲು ಕೇಳುತ್ತಿದ್ದವರೆಂದು ಹೆಸರಾಗಿದ್ದರು. ಕಲ್ಲಿದ್ದಲ ಧೂಳಿನಿಂದ ಶ್ವಾಸಕೋಶ ಹಾಳಾದ ಗಣಿ ಕಾರ್ಮಿಕರಿಗೆ ಹಾಗೂ ಅವರ ವಿಧವೆಯರಿಗೆ ಮಾಸಿಕ ಪರಿಹಾರ ನೀಡುವ ವ್ಯವಸ್ಥೆ 1969ರ ಗಣಿ ಸುರಕ್ಷತಾ ಕಾಯ್ದೆಯಿಂದ ಬಂದಿತು. ಅದರ ಬೆಂಬಲಿಗರಲ್ಲಿ ಇವರು ಪ್ರಮುಖರು. ಶಾಲಾ ಮಧ್ಯಾಹ್ನದ ಊಟದ ಯೋಜನೆಯ ವಿಸ್ತರಣೆಗೂ ದುಡಿದರು. ರಾಷ್ಟ್ರೀಯ ಕಾಯ್ದೆ ರಚನೆ ಮತ್ತು ಕ್ಷೇತ್ರದ ಕೆಲಸ ಎರಡು ಬೇರೆ ಹೊಣೆಗಳೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಪರ್ಕಿನ್ಸ್‌ರ ವಿಷಯದಲ್ಲಿ ಹಿಂಡ್‌ಮನ್‌ನ ಅಗತ್ಯವೇ ಬಹುಪಾಲು ವಾಷಿಂಗ್ಟನ್‌ನ ಕಾಯ್ದೆಯಾಯಿತು. ಹಾಗೆಂದು ಸ್ವಂತ ಕ್ಷೇತ್ರದ ಬಡತನ ನೀಗಿತೆನ್ನಲು ಬಾರದು. ಪೂರ್ವ ಕೆಂಟಕಿಯ ಹಲವು ಕೌಂಟಿಗಳು ಇಂದಿಗೂ ದೇಶದ ಅತಿ ಬಡ ಕೌಂಟಿಗಳ ಸಾಲಿನಲ್ಲಿವೆ.

ನಿಧನ ಮತ್ತು 1984ರ ಕಾಯ್ದೆ

ವಾಷಿಂಗ್ಟನ್‌ನಿಂದ ಕೆಂಟಕಿಗೆ ಮರಳುವ ವಿಮಾನದಲ್ಲಿ ಅಸ್ವಸ್ಥರಾದ ಪರ್ಕಿನ್ಸ್ 1984ರ ಆಗಸ್ಟ್ 3ರಂದು ಲೆಕ್ಸಿಂಗ್ಟನ್‌ನಲ್ಲಿ ನಿಧನರಾದರು. ಅದೇ ವರ್ಷ ಅಕ್ಟೋಬರ್ 19ರಂದು ಜಾರಿಗೆ ಬಂದ ಹೊಸ ವೃತ್ತಿಶಿಕ್ಷಣ ಕಾಯ್ದೆಗೆ ಅವರ ಹೆಸರಿಡಲಾಯಿತು. ಸಹಿ ಹಾಕಿದವರು, ಅನುದಾನ ಕಡಿತಗೊಳಿಸಬಯಸಿದ್ದ ರೇಗನ್ ಅವರೇ. ಈ ಕಾಯ್ದೆ ರಾಜ್ಯಗಳಿಗೆ ನೀಡುವ ಮೂಲ ಅನುದಾನದ ಶೇ. 57ರಷ್ಟನ್ನು ಅಂಗವಿಕಲರು, ಹಿಂದುಳಿದವರು, ಮರುತರಬೇತಿ ಬೇಕಾದ ವಯಸ್ಕರು, ಒಂಟಿ ಪೋಷಕರು ಮುಂತಾದವರಿಗೆ ಮೀಸಲಿಟ್ಟಿತು, ಉಳಿದ ಶೇ. 43 ಕಾರ್ಯಕ್ರಮಗಳ ಸುಧಾರಣೆಗೆ ಮೀಸಲಾಯಿತು. ಹಣ ಸಣ್ಣ ಸಣ್ಣ ತುಂಡುಗಳಾಗಿ ಹರಿದು ಹಂಚಿಹೋಗುತ್ತದೆಂಬ ಟೀಕೆಯ ಹಿನ್ನೆಲೆಯಲ್ಲಿ 1990ರ ಪರಿಷ್ಕರಣೆಯು ಈ ಮೀಸಲುಗಳಲ್ಲಿ ಹೆಚ್ಚಿನವನ್ನು ಕೈಬಿಟ್ಟಿತು. 1998, 2006 ಮತ್ತು 2018ರಲ್ಲಿ ಕಾಯ್ದೆಯನ್ನು ಮತ್ತೆ ಪರಿಷ್ಕರಿಸಲಾಗಿದೆ. ಬಡ ವಿದ್ಯಾರ್ಥಿಗಳಿಗೆ ಕಡಿಮೆ ಬಡ್ಡಿಯಲ್ಲಿ ನೀಡುತ್ತಿದ್ದ ಪರ್ಕಿನ್ಸ್ ಸಾಲ ಯೋಜನೆ 2017ರಲ್ಲಿ ಕೊನೆಗೊಂಡಿತು.